ಮೂರು ವಾರದ ಸೈಕಲ್ ರೇಸ್: ಗೆಲ್ಲುವವರನ್ನು ಅಂದಾಜಿಸುವುದು ಹೇಗೆ, ಹಂತದ ಉದ್ದದ ಬಗ್ಗೆ ವಾದಿಸುವುದು ಹೇಗೆ

ಟೂರ್ ಡಿ ಫ್ರಾನ್ಸ್ ಇರಲಿ, ಇಟಲಿಯ ಜಿರೊ ಡಿ'ಇಟಾಲಿಯಾ ಇರಲಿ, ಸ್ಪೇನಿನ ವುವೆಲ್ಟಾ ಇರಲಿ, ಯಾರು ಗೆಲ್ಲಬಹುದು ಎಂದು ಲೆಕ್ಕ ಹಾಕಲು ಕೂತಾಗ ಸವಾರರ ಹೆಸರಿನಿಂದ ಶುರು ಮಾಡಬೇಡಿ. ಹೆಸರು ಮೊದಲೇ ಮನಸ್ಸಿನಲ್ಲಿ ಕೂತರೆ ಆಮೇಲೆ ಕಾಣುವ ಪ್ರತಿ ಘಟ್ಟವೂ ಅವನಿಗೇ ಹೇಳಿ ಮಾಡಿಸಿದ ಹಾಗೆ ತೋರುತ್ತದೆ. ಮೊದಲು ಮಾರ್ಗ ನೋಡಬೇಕು, ಆಮೇಲೆ ಸವಾರರ ಕಾಲು, ಆಮೇಲೆ ತಂಡ. ಹಂತಗಳು ಎಷ್ಟು ಉದ್ದ ಇರಬೇಕು ಎಂಬ ಜಗಳಕ್ಕೂ ಇದೇ ದಾರಿ. ಯಾಕೆಂದರೆ ಎರಡು ಪ್ರಶ್ನೆಗಳ ಬುಡವೂ ಒಂದೇ: ಈ ರೇಸಿನಲ್ಲಿ ದಣಿವು ಎಲ್ಲಿ ಹುಟ್ಟುತ್ತದೆ, ಆ ದಣಿವನ್ನು ಹೊತ್ತುಕೊಂಡೂ ಯಾರು ಗಟ್ಟಿಯಾಗಿ ತುಳಿಯಬಲ್ಲರು?

ಮಾರ್ಗವನ್ನು ಓದುವುದು

ಮೂರೂ ರೇಸುಗಳ ಚೌಕಟ್ಟು ಒಂದೇ. ಸಾಮಾನ್ಯವಾಗಿ 21 ಹಂತ (ಹಂತ ಎಂದರೆ ಒಂದು ದಿನದ ಓಟ), ಎರಡು ವಿಶ್ರಾಂತಿ ದಿನ, ಎಲ್ಲ ಸೇರಿ 23 ದಿನ. ಎಲ್ಲ ಹಂತಗಳ ಒಟ್ಟು ಸಮಯ ಯಾರದು ಕಡಿಮೆಯೋ ಅವನೇ ಗೆಲ್ಲುವುದು. ಮಾರ್ಗ ಪ್ರಕಟವಾದ ಕೂಡಲೇ 21 ಸಾಲಿನ ಒಂದು ಕೋಷ್ಟಕ ಹಾಕಿಕೊಳ್ಳಿ. ಪ್ರತಿ ಸಾಲಿನಲ್ಲಿ ಹಂತದ ಉದ್ದ, ಒಟ್ಟು ಏರಬೇಕಾದ ಮೀಟರ್, ಕೊನೆಯ ಘಟ್ಟದ ಉದ್ದ, ಅದರ ಸರಾಸರಿ ಏರು ಶೇಕಡಾ ಎಷ್ಟು, ಅದರ ತುದಿಯ ಎತ್ತರ, ತುದಿಯಿಂದ ಅಂತಿಮ ಗೆರೆಗೆ ಎಷ್ಟು ದೂರ ಎಂಬುದೆಲ್ಲ ಇರಲಿ. ಇದಿಷ್ಟನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಬಹಳ ಜನ ಬಿಡುವ ಅಂಕಣಗಳು ಎರಡು. ಒಂದು, ಕೊನೆಯ ಘಟ್ಟಕ್ಕೂ ಅದರ ಹಿಂದಿನ ಘಟ್ಟಕ್ಕೂ ನಡುವೆ ಎಷ್ಟು ಸಮತಟ್ಟು ರಸ್ತೆ ಇದೆ ಎಂಬುದು. ಇನ್ನೊಂದು, ಹಿಂದಿನ ದಿನ ಏನಿತ್ತು ಎಂಬುದು.

ನಡುವಿನ ಸಮತಟ್ಟು ಯಾಕೆ ಮುಖ್ಯ ಅಂದರೆ, ಒಂಟಿಯಾಗಿ ಮುನ್ನುಗ್ಗಿದವನು ಘಟ್ಟದ ಮೇಲೆ ಗಳಿಸಿದ ಒಂದು ನಿಮಿಷವನ್ನು 20 ಕಿ.ಮೀ. ಕಣಿವೆಯ ರಸ್ತೆಯಲ್ಲಿ ಪೂರ್ತಿ ಕಳೆದುಕೊಳ್ಳಬಹುದು. ಹಿಂದೆ ಮೂವರು ಸಹಾಯಕರಿರುವ ತಂಡವೊಂದು ಸರದಿಯಂತೆ ಗಾಳಿ ತಡೆದರೆ ಸಾಕು. ಇಳಿಜಾರು ನೇರವಾಗಿ ಮುಂದಿನ ಘಟ್ಟದ ಬುಡಕ್ಕೇ ಬಂದು ಮುಟ್ಟುವ ಹಾಗಿದ್ದರೆ ಆ ಒಂದು ನಿಮಿಷ ಉಳಿಯುತ್ತದೆ. ಹಾಗಾಗಿ ದೂರದಿಂದ ದಾಳಿ ಮಾಡುವ ಸವಾರನಿಗೆ ಅಂಕ ಕೊಡುವ ಮೊದಲು ಈ ಅಂಕಣ ನೋಡಿ.

ಟೈಮ್ ಟ್ರಯಲ್‌ನ (ಒಬ್ಬೊಬ್ಬರೇ ಹೊರಟು ಗಡಿಯಾರದ ಜೊತೆ ಪೈಪೋಟಿ ನಡೆಸುವ ಹಂತ) ಲೆಕ್ಕ ಸರಳ, ಅದನ್ನು ಕೈಯಾರೆ ಮಾಡಿ. 40 ಕಿ.ಮೀ. ದೂರವನ್ನು ಗಂಟೆಗೆ 52 ಕಿ.ಮೀ. ವೇಗದಲ್ಲಿ ಓಡಿದರೆ 46 ನಿಮಿಷ 9 ಸೆಕೆಂಡ್ ಬೇಕು, 50ರ ವೇಗದಲ್ಲಿ 48 ನಿಮಿಷ. ವ್ಯತ್ಯಾಸ 1 ನಿಮಿಷ 51 ಸೆಕೆಂಡ್. ಘಟ್ಟದ ಮೇಲೆ ಸಮಬಲರಾದ ಇಬ್ಬರಲ್ಲಿ ಒಬ್ಬ ಅಷ್ಟನ್ನು ವಾಪಸ್ ಗಳಿಸಲು ಎರಡು ಮೂರು ಒಳ್ಳೆಯ ದಿನ ಬೇಕಾಗುತ್ತದೆ. 2012ರ ಟೂರ್‌ನಲ್ಲಿ ಒಂಟಿ ಟೈಮ್ ಟ್ರಯಲ್ ಒಟ್ಟು 100 ಕಿ.ಮೀ. ದಾಟಿತ್ತು, ಗೆದ್ದದ್ದು ಆ ವಿದ್ಯೆಯಲ್ಲಿ ಎತ್ತಿದ ಕೈ ಆಗಿದ್ದ ಬ್ರಾಡ್ಲಿ ವಿಗಿನ್ಸ್. 2015ರಲ್ಲಿ ಅದು ಬರೀ 13.8 ಕಿ.ಮೀ. ಆಗ ಹಗುರ ಮೈಯ ಘಟ್ಟ ಏರುವವರಿಗೆ ಬಾಗಿಲು ತೆರೆದಿತ್ತು. ಆದರೂ ನೈರೊ ಕಿಂಟಾನಾ 1 ನಿಮಿಷ 12 ಸೆಕೆಂಡಿನಿಂದ ಕ್ರಿಸ್ ಫ್ರೂಮ್‌ಗೆ ಸೋತರು. ಕಾರಣ ಘಟ್ಟದಲ್ಲಿ ಹುಡುಕಿದರೆ ಪೂರ್ತಿ ಸಿಗುವುದಿಲ್ಲ. ಎರಡನೆಯ ದಿನವೇ ನೆದರ್ಲೆಂಡ್ಸ್‌ನ ಕಡಲತಡಿಯಲ್ಲಿ ಅಡ್ಡಗಾಳಿಗೆ ಗುಂಪು ಒಡೆದು ಕಿಂಟಾನಾ 1 ನಿಮಿಷ 28 ಸೆಕೆಂಡ್ ಕಳೆದುಕೊಂಡಿದ್ದರು.

ಆದ್ದರಿಂದ 'ಸಮತಟ್ಟು' ಎಂದು ಬರೆದ ಸಾಲುಗಳನ್ನು ಖಾಲಿ ಬಿಡಬೇಡಿ. ಬಯಲು, ಕಡಲತಡಿ, ಮರ ಮನೆಗಳ ಮರೆ ಇಲ್ಲದ ರಸ್ತೆ, ದಿಕ್ಕು ಥಟ್ಟನೆ ತಿರುಗುವ ಜಾಗ ಇವನ್ನು ಗುರುತು ಹಾಕಿ. 2019ರಲ್ಲಿ ಆಲ್ಬಿಗೆ ಹೋಗುವ ದಾರಿಯಲ್ಲಿ ಟಿಬೋ ಪಿನೋ 1 ನಿಮಿಷ 40 ಸೆಕೆಂಡ್ ಬಿಟ್ಟುಕೊಟ್ಟರು. 2020ರಲ್ಲಿ ಲಾವೋರ್ ಹಂತದಲ್ಲಿ ತಡೇ ಪೊಗಾಚರ್ 1 ನಿಮಿಷ 21 ಸೆಕೆಂಡ್ ಕಳೆದುಕೊಂಡರು. ಪೊಗಾಚರ್ ಮುಂದೆ ಅದನ್ನು ತುಂಬಿಕೊಂಡು ಆ ಟೂರ್ ಗೆದ್ದರು ನಿಜ, ಆದರೆ ಅದಕ್ಕೆ 20ನೇ ಹಂತದ ಟೈಮ್ ಟ್ರಯಲ್‌ವರೆಗೂ ಕಾಯಬೇಕಾಯಿತು.

ಎತ್ತರದ ಅಂಕಣವನ್ನೂ ಗಮನವಿಟ್ಟು ತುಂಬಿ. ತುದಿ 2,000 ಮೀಟರ್ ದಾಟಿದರೆ ಗಾಳಿ ತೆಳುವಾಗಿ ಎಲ್ಲರ ಬಲವೂ ಇಳಿಯುತ್ತದೆ, ಆದರೆ ಎಲ್ಲರಿಗೂ ಸಮನಾಗಿ ಅಲ್ಲ. ಗಾಲಿಬಿಯೆ 2,642 ಮೀಟರ್, ಗ್ರಾನೊನ್ 2,413, ಲೋಝ್ 2,304. ಈ ಬಗೆಯ ಘಟ್ಟಗಳಲ್ಲಿ ಒಬ್ಬನ ಹಿಂದಿನ ಫಲಿತಾಂಶವನ್ನು 1,200 ಮೀಟರಿನ ಘಟ್ಟಗಳ ಫಲಿತಾಂಶದೊಂದಿಗೆ ಬೆರೆಸದೆ ಬೇರೆ ಇಡಿ. 2022ರಲ್ಲಿ ಗ್ರಾನೊನ್, 2023ರಲ್ಲಿ ಲೋಝ್, ಎರಡೂ ಕಡೆ ಪೊಗಾಚರ್ ಕುಸಿದರು, ಎರಡೂ ಕಡೆ ಲಾಭ ಯೋನಾಸ್ ವಿಂಗೆಗಾರ್ಡ್‌ಗೆ.

ಕೋಷ್ಟಕ ಮುಗಿದ ಮೇಲೆ, ಒಟ್ಟು ಸಮಯದ ಪಟ್ಟಿಯಲ್ಲಿ ಮೊದಲ ಐವರ ನಡುವೆ 20 ಸೆಕೆಂಡಿಗಿಂತ ಹೆಚ್ಚು ಅಂತರ ಹುಟ್ಟಬಹುದಾದ ದಿನಗಳಿಗೆ ಮಾತ್ರ ಬಣ್ಣ ಬಳಿಯಿರಿ. ಸಾಮಾನ್ಯವಾಗಿ ಅವು ಏಳೆಂಟು ದಾಟುವುದಿಲ್ಲ. ಅವು ಯಾವ ವಾರದಲ್ಲಿ ಗುಂಪುಗೂಡಿವೆ ಎಂಬುದೇ ರೇಸಿನ ಸ್ವಭಾವ. ಉಳಿದ ದಿನಗಳಲ್ಲಿ ಗೆರೆಯ ಬಳಿ ಸಿಗುವ 10, 6, 4 ಸೆಕೆಂಡುಗಳ ಬೋನಸ್ (ಮೊದಲ ಮೂವರ ಒಟ್ಟು ಸಮಯದಿಂದ ಕಳೆಯುವುದು) ಮಾತ್ರ ಲೆಕ್ಕಕ್ಕೆ ಬರುತ್ತದೆ. ಟೈಮ್ ಟ್ರಯಲ್‌ನಲ್ಲಿ ಬೋನಸ್ ಇಲ್ಲ.

ಕಾಲಿನ ಬಲವನ್ನು ಅಳೆಯುವುದು

ಟೂರ್‌ಗೆ ಮೊದಲು ಜೂನ್‌ನಲ್ಲಿ ನಡೆಯುವ ಚಿಕ್ಕ ರೇಸುಗಳಾದ ಫ್ರಾನ್ಸಿನ ಡೋಫಿನೆ (2026ರಿಂದ ಅದರ ಹೆಸರು ಟೂರ್ ಒವೆರ್ನ್-ರೋನ್-ಆಲ್ಪ್) ಮತ್ತು ಟೂರ್ ಡಿ ಸ್ವಿಸ್ ಎಲ್ಲರೂ ನೋಡುವ ಕನ್ನಡಿ. ಡೋಫಿನೆ ಗೆದ್ದು ಅದೇ ವರ್ಷ ಟೂರ್ ಗೆದ್ದವರು ಇದ್ದಾರೆ: 2012ರಲ್ಲಿ ವಿಗಿನ್ಸ್, 2013, 2015, 2016ರಲ್ಲಿ ಫ್ರೂಮ್, 2018ರಲ್ಲಿ ಗೆರೈಂಟ್ ಥಾಮಸ್, 2023ರಲ್ಲಿ ವಿಂಗೆಗಾರ್ಡ್, 2025ರಲ್ಲಿ ಪೊಗಾಚರ್. ಹಾಗೆಂದು ಪಟ್ಟಿಯ ಮೊದಲ ಹೆಸರನ್ನೇ ನಕಲು ಮಾಡಬೇಡಿ. 2022ರಲ್ಲಿ ಡೋಫಿನೆ ಗೆದ್ದದ್ದು ಪ್ರಿಮೋಷ್ ರೋಗ್ಲಿಚ್, ಎರಡನೆಯವರು ಅವರದೇ ತಂಡದ ವಿಂಗೆಗಾರ್ಡ್. ಕೊನೆಯ ದಿನದ ಘಟ್ಟವನ್ನು ಇಬ್ಬರೂ ಒಟ್ಟಿಗೇ ಏರಿ ಮುಗಿಸಿದ್ದರು. ಮುಂದಿನ ತಿಂಗಳು ಟೂರ್ ಗೆದ್ದದ್ದು ವಿಂಗೆಗಾರ್ಡ್. ನೋಡಬೇಕಾದದ್ದು ಸ್ಥಾನವನ್ನಲ್ಲ, ಆ ಸ್ಥಾನಕ್ಕೆ ಅವನು ಎಷ್ಟು ಬಲ ಖರ್ಚು ಮಾಡಿದ ಎಂಬುದನ್ನು.

ಆ ಬಲವನ್ನು ಹೊರಗಿನಿಂದ ಅಂದಾಜಿಸಲು ಒಂದು ಸೂತ್ರವಿದೆ. ಮೊದಲು ಗಂಟೆಗೆ ಎಷ್ಟು ಮೀಟರ್ ಎತ್ತರ ಏರಿದ ಎಂದು ಕಂಡುಹಿಡಿಯಿರಿ. 10 ಕಿ.ಮೀ. ಉದ್ದದ, ಸರಾಸರಿ ಶೇ. 8 ಏರಿನ ಘಟ್ಟ ಎಂದರೆ 800 ಮೀಟರ್. ಅದನ್ನು 28 ನಿಮಿಷದಲ್ಲಿ ಏರಿದರೆ ಗಂಟೆಗೆ 1,714 ಮೀಟರ್. ಆಮೇಲೆ ಏರಿನ ಶೇಕಡಾ ಸಂಖ್ಯೆಯನ್ನು 10ರಿಂದ ಗುಣಿಸಿ 200 ಕೂಡಿಸಿ, ಇಲ್ಲಿ 280. 1,714ನ್ನು 280ರಿಂದ ಭಾಗಿಸಿದರೆ 6.1. ಇದು ಮೈತೂಕದ ಪ್ರತಿ ಕಿಲೋಗೆ ಎಷ್ಟು ವ್ಯಾಟ್ ಎಂಬ ಅಂದಾಜು.

ಈ ಸೂತ್ರ ಕೈಕೊಡುವ ಜಾಗಗಳು ಗೊತ್ತಿರಲಿ. ಏರು ಶೇ. 6ಕ್ಕಿಂತ ಕಡಿಮೆ ಇದ್ದರೆ ವೇಗ ಹೆಚ್ಚು, ಮುಂದಿನವನ ಬೆನ್ನ ಹಿಂದೆ ಕೂತವನಿಗೆ ಗಾಳಿಯ ಉಳಿತಾಯ ಹೆಚ್ಚು, ಹಾಗಾಗಿ ಸಂಖ್ಯೆ ಸುಳ್ಳು ಹೇಳುತ್ತದೆ. ಬೆನ್ನುಗಾಳಿ ಬೀಸಿದರೂ ಅಷ್ಟೆ. ಘಟ್ಟದ ಸಮಯವನ್ನು ಬುಡದ ಯಾವ ತಿರುವಿನಿಂದ ಅಳೆದರು ಎಂಬುದು ಒಬ್ಬೊಬ್ಬರದು ಒಂದೊಂದು. 300 ಮೀಟರ್ ಆಚೀಚೆಯಾದರೂ ಅರ್ಧ ನಿಮಿಷದಷ್ಟು ತಪ್ಪಾಗಬಹುದು. ಆದ್ದರಿಂದ ಬೇರೆ ಬೇರೆ ವರ್ಷಗಳ ದಾಖಲೆ ಹೋಲಿಸುವುದಕ್ಕಿಂತ ಒಂದೇ ದಿನ, ಒಂದೇ ಘಟ್ಟದಲ್ಲಿ ಇಬ್ಬರ ವ್ಯತ್ಯಾಸ ನೋಡುವುದು ಎಷ್ಟೋ ಭದ್ರ.

ಎಲ್ಲಕ್ಕಿಂತ ದೊಡ್ಡ ತಪ್ಪು, ಆ ಬಲ ದಿನದ ಯಾವ ಹೊತ್ತಿನದು ಎಂದು ಕೇಳದೆ ಇರುವುದು. ಬೆಳಿಗ್ಗೆ ಎದ್ದ ಕಾಲಿನಲ್ಲಿ ಇಬ್ಬರೂ 20 ನಿಮಿಷ ಕಿಲೋಗೆ 6.3 ವ್ಯಾಟ್ ತುಳಿಯಬಲ್ಲರು ಎಂದಿಟ್ಟುಕೊಳ್ಳಿ. 3,000 ಕಿಲೋಜೂಲ್ ಕೆಲಸ ಮಾಡಿದ ಮೇಲೆ ಒಬ್ಬ 6.1ಕ್ಕೆ ಇಳಿಯುತ್ತಾನೆ, ಇನ್ನೊಬ್ಬ 5.7ಕ್ಕೆ. ಕಡಿದಾದ ಘಟ್ಟದಲ್ಲಿ ವೇಗ ಬಹುಪಾಲು ಬಲದ ಅನುಪಾತದಲ್ಲೇ ಇರುತ್ತದೆ, ಹಾಗಾಗಿ ಮೊದಲನೆಯವನಿಗೆ 20 ನಿಮಿಷ ಹಿಡಿದ ಜಾಗದಲ್ಲಿ ಎರಡನೆಯವನಿಗೆ 21 ನಿಮಿಷ 24 ಸೆಕೆಂಡ್ ಬೇಕು. ಪ್ರಯೋಗಾಲಯದ ಅಳತೆಯಲ್ಲಿ ಇಬ್ಬರೂ ಒಂದೇ. ಮೂರು ವಾರದ ರೇಸ್ ಗೆಲ್ಲಿಸುವ ಗುಣ ಈ ಎರಡನೆಯ ಸಂಖ್ಯೆ.

ಅದು ಎಲ್ಲಿ ಕಾಣುತ್ತದೆ? ಹಿಂದಿನ ದೊಡ್ಡ ರೇಸುಗಳ 15ರಿಂದ 20ರವರೆಗಿನ ಹಂತಗಳಲ್ಲಿ. ಪ್ರತಿ ಸ್ಪರ್ಧಿಗೂ ಮೊದಲ ಒಂಬತ್ತು ಹಂತಗಳಲ್ಲಿ ಮತ್ತು ಕೊನೆಯ ಆರರಲ್ಲಿ, ಅಗ್ರ ಹತ್ತರಲ್ಲಿ ಮುಗಿಸಿದವರ ಸರಾಸರಿಗೆ ಹೋಲಿಸಿದರೆ ಎಷ್ಟು ಗಳಿಸಿದ, ಎಷ್ಟು ಕಳೆದ ಎಂದು ಎರಡು ಸಂಖ್ಯೆ ಬರೆಯಿರಿ. ಪೊಗಾಚರ್ 2019ರಲ್ಲಿ ತಮ್ಮ ಮೊದಲ ವುವೆಲ್ಟಾದಲ್ಲೇ 20ನೇ ಹಂತವನ್ನು ಒಂಟಿಯಾಗಿ ಗೆದ್ದು ಒಟ್ಟಾರೆ ಮೂರನೆಯ ಸ್ಥಾನಕ್ಕೆ ಏರಿದ್ದರು. ಮುಂದಿನ ವರ್ಷ 21ನೇ ವಯಸ್ಸಿನಲ್ಲಿ ಟೂರ್ ಗೆದ್ದಾಗ ಅಚ್ಚರಿಪಟ್ಟವರು ಆ ಸಾಲನ್ನು ಓದಿರಲಿಲ್ಲ. ವಿಂಗೆಗಾರ್ಡ್ 2021ರಲ್ಲಿ ಸುಮಾರು 199 ಕಿ.ಮೀ. ಹಂತವೊಂದರಲ್ಲಿ ಮಾಂಟ್ ವಾಂಟೂವನ್ನು ಎರಡನೆಯ ಸಲ ಏರುವಾಗ ಪೊಗಾಚರ್‌ರನ್ನು ಹಿಂದೆ ಬಿಟ್ಟರು. ಇಳಿಜಾರಿನಲ್ಲಿ ಸಿಕ್ಕಿಬಿದ್ದದ್ದರಿಂದ ಫಲಿತಾಂಶದಲ್ಲಿ ಅದು ಕಾಣಲಿಲ್ಲ, ಆದರೆ 2022ರ ಸುಳಿವು ಅಲ್ಲೇ ಇತ್ತು.

ಗಾಯದ ಲೆಕ್ಕ ಬೇರೆ. ರೇಸ್ ಶುರುವಾಗಲು 10–12 ವಾರ ಇರುವಾಗ ಮೂಳೆ ಮುರಿದುಕೊಂಡವನು ಮೊದಲ ಎರಡು ವಾರ ಚೆನ್ನಾಗಿಯೇ ಕಾಣಬಹುದು, ಮೂರನೆಯದರಲ್ಲಿ ಸಾಲ ತೀರಿಸುತ್ತಾನೆ. 2023ರ ಏಪ್ರಿಲ್‌ನಲ್ಲಿ ಮಣಿಕಟ್ಟು ಮುರಿದಿದ್ದ ಪೊಗಾಚರ್ ಟೂರ್‌ನ 15ನೇ ಹಂತದವರೆಗೆ ಬರೀ 10 ಸೆಕೆಂಡ್ ಹಿಂದಿದ್ದರು. ಮುಂದಿನ ಎರಡೇ ಹಂತಗಳಲ್ಲಿ 7 ನಿಮಿಷಕ್ಕಿಂತ ಹೆಚ್ಚು ಹೋಯಿತು. 2024ರ ಏಪ್ರಿಲ್‌ನಲ್ಲಿ ಬಾಸ್ಕ್ ನಾಡಿನ ರೇಸಿನಲ್ಲಿ ಬಿದ್ದು ಶ್ವಾಸಕೋಶಕ್ಕೆ ಪೆಟ್ಟು ಮಾಡಿಕೊಂಡಿದ್ದ ವಿಂಗೆಗಾರ್ಡ್ ಟೂರ್‌ನ 11ನೇ ಹಂತ ಗೆದ್ದರು, ಆದರೆ ಕೊನೆಗೆ 6 ನಿಮಿಷ 17 ಸೆಕೆಂಡ್ ಹಿಂದೆ ಉಳಿದರು. ಇಂಥವರನ್ನು ಪಟ್ಟಿಯಿಂದ ತೆಗೆಯಬೇಡಿ. ಎರಡನೆಯ ಸ್ಥಾನದ ಸಂಭವ ಹಾಗೇ ಇರಲಿ, ಗೆಲುವಿನದನ್ನು ಮಾತ್ರ ಅರ್ಧಕ್ಕೆ ಇಳಿಸಿ.

ಒಂದೇ ವರ್ಷ ಜಿರೊ ಮತ್ತು ಟೂರ್ ಎರಡಕ್ಕೂ ಬರುವವರ ವಿಷಯದಲ್ಲೂ ಕೈ ಬಿಗಿ ಹಿಡಿಯಿರಿ. 1998ರಲ್ಲಿ ಮಾರ್ಕೊ ಪಂತಾನಿ ಎರಡನ್ನೂ ಗೆದ್ದ ಮೇಲೆ 2024ರ ಪೊಗಾಚರ್‌ವರೆಗೆ ಯಾರಿಗೂ ಆಗಲಿಲ್ಲ. 2015ರಲ್ಲಿ ಜಿರೊ ಗೆದ್ದ ಆಲ್ಬರ್ಟೊ ಕಾಂಟಡೋರ್ ಟೂರ್‌ನಲ್ಲಿ ಐದನೆಯವರಾದರು, 2018ರಲ್ಲಿ ಫ್ರೂಮ್ ಮೂರನೆಯವರಾದರು.

ತಂಡ, ಮತ್ತು ಯಾರೂ ಹಿಡಿಯಲು ಹೋಗದ ಗುಂಪು

2018ರಿಂದ ಪ್ರತಿ ತಂಡಕ್ಕೆ ಎಂಟೇ ಸವಾರರು. ಅವರಲ್ಲಿ ಗೆರೆಯ ಬಳಿ ಮಿಂಚಿನಂತೆ ಓಡುವ ಸ್ಪ್ರಿಂಟರ್ ಒಬ್ಬ, ಅವನ ಸಹಾಯಕರಿಬ್ಬರು ಹೋದರೆ ಘಟ್ಟದಲ್ಲಿ ನಾಯಕನ ಪಕ್ಕದಲ್ಲಿ ನಾಲ್ವರು ಉಳಿಯುತ್ತಾರೆ. ಕೊನೆಯ ಘಟ್ಟದ ಬುಡದಲ್ಲಿ ನಾಯಕನ ಬಳಿ ಎಷ್ಟು ಜನ ಇರುತ್ತಾರೆ ಎಂದು ಸಿದ್ಧತಾ ರೇಸುಗಳಲ್ಲೇ ಎಣಿಸಿ ಇಟ್ಟುಕೊಳ್ಳಿ. 2022ರ ಗ್ರಾನೊನ್ ದಿನ ವಿಂಗೆಗಾರ್ಡ್ ಮತ್ತು ರೋಗ್ಲಿಚ್ ಟೆಲಿಗ್ರಾಫ್, ಗಾಲಿಬಿಯೆಗಳ ಮೇಲೆ ಸರದಿಯಂತೆ ದಾಳಿ ಮಾಡಿದರು. ಪ್ರತಿ ದಾಳಿಗೂ ಸ್ವತಃ ಉತ್ತರ ಕೊಟ್ಟ ಪೊಗಾಚರ್ ಕೊನೆಯ ಘಟ್ಟದಲ್ಲಿ 2 ನಿಮಿಷ 51 ಸೆಕೆಂಡ್ ಕಳೆದುಕೊಂಡರು. ಆ ಟೂರ್‌ನ ಅಂತಿಮ ಅಂತರ 2 ನಿಮಿಷ 43 ಸೆಕೆಂಡ್.

ಅಂದಾಜುಗಳನ್ನು ಬುಡಮೇಲು ಮಾಡುವ ಇನ್ನೊಂದು ಸಂಗತಿ, ಮೊದಲ ಎರಡು ವಾರಗಳಲ್ಲಿ ತಪ್ಪಿಸಿಕೊಂಡು ಹೋಗುವ ದೊಡ್ಡ ಗುಂಪು. ಒಟ್ಟು ಸಮಯದಲ್ಲಿ ಮುಂದಿರುವವನು ತೊಡುವ ಹಳದಿ ಜೆರ್ಸಿಯನ್ನು ಉಳಿಸಿಕೊಳ್ಳುವ ಹೊರೆ ಬೇಡವೆಂದು ಬಲಿಷ್ಠ ತಂಡಗಳು ಅದನ್ನು ಬಿಟ್ಟುಕೊಡುತ್ತವೆ. 2006ರಲ್ಲಿ ಆಸ್ಕರ್ ಪೆರೇರೊಗೆ 230 ಕಿ.ಮೀ. ಹಂತವೊಂದರಲ್ಲಿ ಸುಮಾರು ಅರ್ಧ ಗಂಟೆ ಹಾಗೆ ಸಿಕ್ಕಿತು, ಕೊನೆಗೆ ಆ ವರ್ಷದ ಟೂರ್ ಅವರದೇ ಆಯಿತು. 2023ರ ವುವೆಲ್ಟಾದಲ್ಲಿ ಸೆಪ್ ಕುಸ್ 6ನೇ ಹಂತದ ಗುಂಪಿನಲ್ಲಿ ಗಳಿಸಿದ್ದರ ಮೇಲೆ ಗೆದ್ದರು. 2024ರ ವುವೆಲ್ಟಾದ 6ನೇ ಹಂತದಲ್ಲೇ ಬೆನ್ ಓ'ಕಾನರ್ ಆರು ನಿಮಿಷಕ್ಕಿಂತ ಹೆಚ್ಚು ಗಳಿಸಿ, 19ನೇ ಹಂತದವರೆಗೆ ಮುಂದಿದ್ದು ಎರಡನೆಯವರಾಗಿ ಮುಗಿಸಿದರು. ನಿಯಮ ಹೀಗಿಟ್ಟುಕೊಳ್ಳಿ: ಹಿಂದೆ ಯಾವುದಾದರೂ ದೊಡ್ಡ ರೇಸಿನಲ್ಲಿ ಅಗ್ರ ಹತ್ತರಲ್ಲಿ ಮುಗಿಸಿದವನು ಮೂರು ನಿಮಿಷಕ್ಕಿಂತ ಹೆಚ್ಚು ಮುಂದೆ ಹೋದರೆ ಆ ದಿನವೇ ಅವನ ಹೆಸರನ್ನು ಪಟ್ಟಿಗೆ ಸೇರಿಸಿ. ಸಮತಟ್ಟಿನ ಸವಾರನಾದರೆ ಹತ್ತು ನಿಮಿಷವಾದರೂ ಚಿಂತೆಯಿಲ್ಲ.

ಅಂದಾಜನ್ನು ಸಂಖ್ಯೆಯಾಗಿ ಬರೆಯುವುದು

'ಇವನು ಗೆಲ್ಲಬಹುದು' ಎಂಬ ಮಾತಿಗೆ ತೂಕವಿಲ್ಲ. ಹತ್ತು ಹೆಸರು ಮತ್ತು 'ಉಳಿದವರು' ಎಂಬ ಹನ್ನೊಂದನೆಯ ಸಾಲು, ಎಲ್ಲ ಸೇರಿ ನೂರು. ಇಲ್ಲಿ ಬಹಳ ಜನ ಎಡವುವುದು ಬೀಳುವ, ಕಾಯಿಲೆ ಬೀಳುವ ಸಂಭವವನ್ನು ಮರೆತು. ಟೂರ್‌ನಲ್ಲಿ 2023ರಲ್ಲಿ 176 ಜನ ಹೊರಟು 150 ಜನ ಮುಗಿಸಿದರು, 2024ರಲ್ಲಿ 176ರಲ್ಲಿ 141, 2025ರಲ್ಲಿ 184ರಲ್ಲಿ 160. ಎಂದರೆ ಶೇ. 13ರಿಂದ 20 ಜನ ದಾರಿಯಲ್ಲೇ ನಿಂತರು. ನಾಯಕರಿಗೆ ರಕ್ಷಣೆ ಹೆಚ್ಚು, ಆದರೂ 2014ರಲ್ಲಿ ಫ್ರೂಮ್ 5ನೇ ಹಂತದಲ್ಲಿ, ಕಾಂಟಡೋರ್ 10ನೆಯದರಲ್ಲಿ ಬಿದ್ದು ಹೊರನಡೆದರು, ವಿನ್ಚೆಂಜೊ ನಿಬಾಲಿ ಏಳೂವರೆ ನಿಮಿಷಕ್ಕಿಂತ ಹೆಚ್ಚು ಅಂತರದಿಂದ ಗೆದ್ದರು. ಹಾಗಾಗಿ ಎಷ್ಟೇ ಬಲಿಷ್ಠನಾದರೂ ಮೊದಲ ದಿನ ಶೇ. 70ರ ಮೇಲೆ ಹಾಕುವುದು ದುಡುಕು.

ರೇಸ್ ಮುಗಿದ ಮೇಲೆ ನಿಮ್ಮ ಅಂದಾಜಿಗೇ ಅಂಕ ಕೊಟ್ಟುಕೊಳ್ಳಿ. ಗೆದ್ದವನಿಗೆ ನೂರರಲ್ಲಿ 60, ಅಂದರೆ 0.6 ಕೊಟ್ಟಿದ್ದರೆ 1ರಿಂದ ಅದನ್ನು ಕಳೆದು ವರ್ಗ ಮಾಡಿ: 0.16. ಸೋತ ಪ್ರತಿಯೊಬ್ಬನಿಗೂ ಕೊಟ್ಟ ಸಂಖ್ಯೆಯ ವರ್ಗವನ್ನು ಅದಕ್ಕೆ ಕೂಡಿಸಿ. ಮೊತ್ತ ಕಡಿಮೆಯಾದಷ್ಟೂ ಅಂದಾಜು ಒಳ್ಳೆಯದು. ಮೂರು ನಾಲ್ಕು ರೇಸುಗಳ ಮೊತ್ತ ಒಟ್ಟಿಗೆ ಇಟ್ಟರೆ ನೀವು ಯಾವ ಬಗೆಯ ಸವಾರನಿಗೆ ಸದಾ ಹೆಚ್ಚು ಕೊಡುತ್ತೀರಿ ಎಂದು ಕಾಣುತ್ತದೆ. ನಡುವೆ ಸಂಖ್ಯೆ ತಿದ್ದುವುದನ್ನು ವಿಶ್ರಾಂತಿ ದಿನಗಳಿಗೆ ಮೀಸಲಿಡಿ. ದಿನವೂ ತಿದ್ದಿದರೆ ನಿನ್ನೆ ಗೆದ್ದವನ ಹಿಂದೆ ಓಡುತ್ತಲೇ ಇರಬೇಕಾಗುತ್ತದೆ. ಯಾರಾದರೂ ಬಿದ್ದರೆ, ಅಥವಾ ಮೇಲೆ ಹೇಳಿದಂಥ ಗುಂಪು ಹೋದರೆ ಮಾತ್ರ ಆ ದಿನವೇ ತಿದ್ದಿ.

ಹಂತದ ಉದ್ದ: ಮೊದಲು ಪ್ರಶ್ನೆಯನ್ನು ಬಿಡಿಸಿ

1903ರ ಮೊದಲ ಟೂರ್ ಆರೇ ಹಂತ, 2,428 ಕಿ.ಮೀ. ಪ್ಯಾರಿಸ್‌ನಿಂದ ಲಿಯೋನ್‌ವರೆಗಿನ ಮೊದಲ ಹಂತವೇ 467 ಕಿ.ಮೀ. 1919ರಲ್ಲಿ ಒಂದು ಹಂತ 482 ಕಿ.ಮೀ. ಇತ್ತು. 1926ರ ಟೂರ್ 17 ಹಂತಗಳಲ್ಲಿ 5,745 ಕಿ.ಮೀ. ಓಡಿತು. ಇಂದು ವಿಶ್ವ ಸೈಕ್ಲಿಂಗ್ ಒಕ್ಕೂಟದ ನಿಯಮದಲ್ಲಿ ಒಟ್ಟು 3,500 ಕಿ.ಮೀ., ದಿನದ ಸರಾಸರಿ 180, ಒಂದು ಹಂತಕ್ಕೆ 240 ಕಿ.ಮೀ. ಮಿತಿ, ವಿಶೇಷ ಅನುಮತಿ ಸಿಕ್ಕರೆ ಮಾತ್ರ ಹೆಚ್ಚು. 2021ರ ಟೂರ್‌ನ 7ನೇ ಹಂತ 249 ಕಿ.ಮೀ. ಇತ್ತು, 2000ದ ನಂತರದ ಟೂರ್‌ಗಳಲ್ಲಿ ಅಷ್ಟು ಉದ್ದದ್ದು ಬಂದಿರಲಿಲ್ಲ. ಅಂದು ಕೊನೆಯ ಗುಡ್ಡಗಳಲ್ಲಿ ರೋಗ್ಲಿಚ್ ಸುಮಾರು ನಾಲ್ಕು ನಿಮಿಷ ಕಳೆದುಕೊಂಡರು. ಅವರು ಬಿದ್ದು ಗಾಯಗೊಂಡಿದ್ದು ಅದಕ್ಕೂ ಕೆಲವು ದಿನ ಮೊದಲು. ಇದು ಉದ್ದದ ಹಂತದ ಪರ ಉದಾಹರಣೆಯೋ, ಗಾಯದ ಉದಾಹರಣೆಯೋ? ಇಂಥ ಕಡೆಯೇ ವಾದ ಹಳ್ಳ ಹಿಡಿಯುವುದು.

ಉದ್ದದ ಬಗ್ಗೆ ಮಾತಾಡುವವರು ಮೂರು ಬೇರೆ ವಿಷಯಗಳನ್ನು ಗಂಟು ಹಾಕುತ್ತಾರೆ: ಸವಾರರ ಆರೋಗ್ಯ, ನೋಡುವವರ ಸುಖ, ಗೆಲ್ಲಬೇಕಾದ ಗುಣ ಯಾವುದು ಎಂಬ ಕ್ರೀಡೆಯ ಪ್ರಶ್ನೆ. 2020ರ ಜಿರೊದ 19ನೇ ಹಂತ, ಆಸ್ಟಿಗೆ ಹೋಗುವ ಸುಮಾರು 258 ಕಿ.ಮೀ. ದಾರಿ, ಅಕ್ಟೋಬರ್ ಕೊನೆಯ ಮಳೆಯಲ್ಲಿ ಸವಾರರು ಪ್ರತಿಭಟಿಸಿ 124ಕ್ಕೆ ಇಳಿಯಿತು. ಅದು ಆರೋಗ್ಯದ ಪ್ರಶ್ನೆ. ಅದನ್ನು ತಂದು 'ಉದ್ದದ ಹಂತ ನೀರಸ' ಎಂಬ ವಾದಕ್ಕೆ ಸಾಕ್ಷಿ ಮಾಡಲಾಗದು. ಮಾತು ಶುರು ಮಾಡುವಾಗಲೇ ಈ ಮೂರರಲ್ಲಿ ಯಾವುದರ ಬಗ್ಗೆ ಎಂದು ಹೇಳಿಬಿಡಿ.

ಎರಡನೆಯದು, ಕಿಲೋಮೀಟರ್ ಸರಿಯಾದ ಅಳತೆಯೇ ಅಲ್ಲ. 220 ಕಿ.ಮೀ. ಸಮತಟ್ಟು ಹಂತ ಗಂಟೆಗೆ 45ರ ವೇಗದಲ್ಲಿ 4 ಗಂಟೆ 53 ನಿಮಿಷ, ಅದರಲ್ಲಿ ಹೆಚ್ಚು ಹೊತ್ತು ಗುಂಪಿನ ಮರೆಯಲ್ಲಿ. 4,500 ಮೀಟರ್ ಏರಿಕೆಯಿರುವ 150 ಕಿ.ಮೀ. ಹಂತ ಗಂಟೆಗೆ 34ರ ವೇಗದಲ್ಲಿ 4 ಗಂಟೆ 25 ನಿಮಿಷ, ಅಲ್ಲಿ ಮರೆಯ ಉಪಯೋಗ ಅಷ್ಟಕ್ಕಷ್ಟೆ. ಚಿಕ್ಕದೇ ಹೆಚ್ಚು ದಣಿಸುತ್ತದೆ. ಹೋಲಿಸಬೇಕಾದದ್ದು ಕೆಲಸದ ಮೊತ್ತ: ಸರಾಸರಿ ವ್ಯಾಟನ್ನು ಗಂಟೆಗಳಿಂದ ಗುಣಿಸಿ ಮತ್ತೆ 3.6ರಿಂದ ಗುಣಿಸಿದರೆ ಕಿಲೋಜೂಲ್ ಬರುತ್ತದೆ. 220 ವ್ಯಾಟಿನಂತೆ ಐದೂವರೆ ಗಂಟೆ ಎಂದರೆ ಸುಮಾರು 4,350. 290 ವ್ಯಾಟಿನಂತೆ 2 ಗಂಟೆ 20 ನಿಮಿಷ ಎಂದರೆ ಸುಮಾರು 2,430. ಮೊದಲನೆಯದರ ಕೊನೆಯ ಘಟ್ಟದಲ್ಲಿ ದಣಿದ ಮೇಲಿನ ಬಲ ಗೆಲ್ಲುತ್ತದೆ, ಎರಡನೆಯದರಲ್ಲಿ ಬೆಳಗಿನ ಬಲ.

ಚಿಕ್ಕ ಹಂತ ಯಾವಾಗ ಉರಿಯುತ್ತದೆ? 2016ರ ವುವೆಲ್ಟಾದ 15ನೇ ಹಂತ, ಫೋರ್ಮಿಗಾಲ್‌ಗೆ ಹೋಗುವ 118.5 ಕಿ.ಮೀ. ಶುರುವಿನಲ್ಲೇ ಕಾಂಟಡೋರ್ ಮತ್ತು ಕಿಂಟಾನಾ ಹೊರಟುಬಿಟ್ಟರು, ಫ್ರೂಮ್ ಸಹಾಯಕರಿಲ್ಲದೆ ಹಿಂದೆ ಸಿಕ್ಕಿಕೊಂಡು ಎರಡೂವರೆ ನಿಮಿಷಕ್ಕಿಂತ ಹೆಚ್ಚು ಕಳೆದುಕೊಂಡರು. ಆ ವುವೆಲ್ಟಾವನ್ನು ಕಿಂಟಾನಾ 1 ನಿಮಿಷ 23 ಸೆಕೆಂಡಿನಿಂದ ಗೆದ್ದರು. ಒಡೆದ ತಂಡವನ್ನು ಮತ್ತೆ ಕೂಡಿಸಿಕೊಳ್ಳಲು ಸಮಯವೇ ಇಲ್ಲದಿರುವುದು ಚಿಕ್ಕ ಹಂತದ ನಿಜವಾದ ಶಕ್ತಿ. ಅದು ಕೆಲಸ ಮಾಡಬೇಕಾದರೆ ಶುರುವಿನ 20 ಕಿ.ಮೀ. ಒಳಗೆ ಗುಂಪು ಒಡೆಯುವಂಥ ಏರು ಇರಬೇಕು, ಮತ್ತು ಹಿಂದಿನ ದಿನ ಕಾಲು ಸುಟ್ಟಿರಬೇಕು.

ಬರೀ ಚಿಕ್ಕದು ಮಾಡಿದರೆ ಸಾಲದು ಎಂಬುದಕ್ಕೆ 2018ರ ಟೂರ್‌ನ 17ನೇ ಹಂತ ಒಳ್ಳೆಯ ಪಾಠ. 65 ಕಿ.ಮೀ., ಮೂರು ಘಟ್ಟ, ಕಾರ್ ರೇಸಿನ ಹಾಗೆ ಸಾಲುಗಟ್ಟಿ ನಿಲ್ಲಿಸಿ ಹೊರಡಿಸಿದರು. ಸಾಲಿನಿಂದ ಏನೂ ಆಗಲಿಲ್ಲ, ತಂಡಗಳು ಕೆಲವೇ ಹೊತ್ತಿನಲ್ಲಿ ಒಟ್ಟುಗೂಡಿದವು. ನಾಯಕರ ನಡುವಿನ ಅಂತರ ಹುಟ್ಟಿದ್ದು ಕೊನೆಯ ಪೋರ್ಟೆಟ್ ಘಟ್ಟದಲ್ಲಿ, 16 ಕಿ.ಮೀ. ಉದ್ದದ, ಶೇ. 8.7ರ ಆ ಏರು ಯಾವ ಉದ್ದದ ಹಂತದ ಕೊನೆಗಿದ್ದರೂ ಅಂತರ ಹುಟ್ಟುತ್ತಿತ್ತು. ಉದ್ದದ ಹಂತಕ್ಕೆ ಎದುರು ಉದಾಹರಣೆ 2018ರ ಜಿರೊದ 19ನೆಯದು, 184 ಕಿ.ಮೀ. ಫಿನೆಸ್ತ್ರೆ ಘಟ್ಟದ ಮೇಲೆ, ಗೆರೆಗೆ ಇನ್ನೂ 80 ಕಿ.ಮೀ. ಇರುವಾಗ ಫ್ರೂಮ್ ಒಂಟಿಯಾಗಿ ಹೊರಟು ನಾಲ್ಕನೆಯ ಸ್ಥಾನದಿಂದ ಮೊದಲನೆಯದಕ್ಕೆ ಬಂದರು, ಜಿರೊದಲ್ಲಿ ಮುಂದಿರುವವನ ಗುಲಾಬಿ ಜೆರ್ಸಿಯಲ್ಲಿದ್ದ ಸೈಮನ್ ಯೇಟ್ಸ್ 38 ನಿಮಿಷಕ್ಕಿಂತ ಹೆಚ್ಚು ಕಳೆದುಕೊಂಡರು. ಅದೇ ಘಟ್ಟದಲ್ಲಿ 2025ರಲ್ಲಿ, 205 ಕಿ.ಮೀ. ಹಂತದಲ್ಲಿ, ಯೇಟ್ಸ್ ಜಿರೊ ಗೆದ್ದರು. ಅಲ್ಲಿಯವರೆಗೆ ಮೊದಲ ಎರಡು ಸ್ಥಾನಗಳಲ್ಲಿದ್ದ ಡೆಲ್ ಟೊರೊ ಮತ್ತು ಕರಪಾಜ್ ಒಬ್ಬರನ್ನೊಬ್ಬರು ಕಾಯುತ್ತ ಉಳಿದರು, ಮುಂದಿದ್ದ ಅವರದೇ ತಂಡದ ವೌಟ್ ವಾನ್ ಆರ್ಟ್ ಇಳಿಜಾರಿನ ಆಚೆ ಯೇಟ್ಸ್‌ಗೆ ಗಾಳಿ ತಡೆದರು.

ಈ ಉದಾಹರಣೆಗಳಿಂದ ತೀರ್ಮಾನ ಮಾಡಬೇಡಿ, ಯಾಕೆಂದರೆ ನೆನಪಿನಲ್ಲಿ ಉಳಿದಿರುವುದು ಉರಿದ ದಿನಗಳು ಮಾತ್ರ. ವಾದ ಗೆಲ್ಲಬೇಕಾದರೆ ಕೆಲವು ವರ್ಷಗಳ ಎಲ್ಲ ಘಟ್ಟದ ಹಂತಗಳನ್ನೂ ತೆಗೆದುಕೊಂಡು 130 ಕಿ.ಮೀ.ಗಿಂತ ಕಡಿಮೆಯವು ಒಂದು ಕಡೆ, 180ಕ್ಕಿಂತ ಹೆಚ್ಚಿನವು ಇನ್ನೊಂದು ಕಡೆ ಇಡಿ. ಪ್ರತಿಯೊಂದಕ್ಕೂ ಬರೆಯಬೇಕಾದದ್ದು: ಅಗ್ರ ಹತ್ತರಲ್ಲಿರುವವನೊಬ್ಬ ಹತ್ತು ಸೆಕೆಂಡಿಗಿಂತ ಹೆಚ್ಚು ಮುಂದೆ ಹೋದ ಮೊದಲ ದಾಳಿ ಗೆರೆಗೆ ಎಷ್ಟು ಕಿ.ಮೀ. ಇರುವಾಗ ನಡೆಯಿತು, ಕೊನೆಯ ಘಟ್ಟದ ಬುಡದಲ್ಲಿ ಮುಂಚೂಣಿಯವನ ಬಳಿ ಎಷ್ಟು ಸಹಾಯಕರಿದ್ದರು, ಅಗ್ರ ಹತ್ತು ಜನರ ನಡುವೆ ಅಂದು ಎಷ್ಟು ಅಂತರ ಹುಟ್ಟಿತು, ಹಿಂದಿನ ದಿನ ಕಠಿಣವಿತ್ತೋ ಇಲ್ಲವೋ. ಎರಡೂ ಕಡೆ ಮೂವತ್ತು ಹಂತಗಳಾದರೂ ಇಲ್ಲದೆ ಬಾಯಿ ತೆರೆಯಬೇಡಿ.

ಸಮಯದ ಮಿತಿಯನ್ನು ಚಿಕ್ಕ ಹಂತದ ಪರ ವಾದಿಸುವವರು ಮರೆಯುತ್ತಾರೆ. ಗೆದ್ದವನ ಸಮಯದ ಶೇಕಡಾ ಇಂತಿಷ್ಟರೊಳಗೆ ಉಳಿದವರು ಬರಬೇಕು. ಐದೂವರೆ ಗಂಟೆಯ ಹಂತಕ್ಕೆ ಶೇ. 15 ಎಂದರೆ ಸುಮಾರು 49 ನಿಮಿಷ. 2 ಗಂಟೆ 20 ನಿಮಿಷದ ಹಂತಕ್ಕೆ ಶೇ. 20 ಕೊಟ್ಟರೂ 28 ನಿಮಿಷ. ಘಟ್ಟ ಏರಲಾರದ ದಪ್ಪ ಮೈಯ ಸವಾರರಿಗೆ ಇದು ಕುತ್ತಿಗೆಗೆ ಬರುತ್ತದೆ. ಫೋರ್ಮಿಗಾಲ್‌ನಲ್ಲಿ 90ಕ್ಕೂ ಹೆಚ್ಚು ಜನ ಮಿತಿ ಮೀರಿ ಬಂದರು, ಅಷ್ಟೂ ಜನರನ್ನು ಹೊರಗೆ ಹಾಕಲಾಗದೆ ಉಳಿಸಿಕೊಳ್ಳಬೇಕಾಯಿತು. ಚಿಕ್ಕ ಹಂತ ಬೇಕೆನ್ನುವವರು ಮಿತಿಯ ಶೇಕಡಾ ಎಷ್ಟಿರಬೇಕೆಂದೂ ಹೇಳಬೇಕು.

ಉದ್ದದ ಪರ ವಾದಿಸುವವರು ಮರೆಯುವುದು ಊಟವನ್ನು. ಇಂದಿನ ಸವಾರರು ಗಂಟೆಗೆ 90ರಿಂದ 120 ಗ್ರಾಂ ಕಾರ್ಬೋಹೈಡ್ರೇಟ್ ತೆಗೆದುಕೊಳ್ಳುತ್ತಾರೆ; 120ರಂತೆ ಐದೂವರೆ ಗಂಟೆಗೆ 660 ಗ್ರಾಂ. ಹಸಿದು ಕುಸಿಯುವುದು ಮೊದಲಿನಷ್ಟು ಸಾಮಾನ್ಯವಲ್ಲ, ಹಾಗಾಗಿ ಮೊದಲ ನಾಲ್ಕು ಗಂಟೆ ಮೆಲ್ಲಗೆ ಸಾಗುವ 220 ಕಿ.ಮೀ. ಒಂದೇ ಯಾರನ್ನೂ ಬೇರ್ಪಡಿಸುವುದಿಲ್ಲ. ಉದ್ದದ ಜೊತೆ ನಡುವೆ ಘಟ್ಟಗಳೂ ಬೇಕು. ಇನ್ನು, ಹಂತ ಚಿಕ್ಕದಾದರೆ ಉದ್ದೀಪನ ಮದ್ದು ಕಡಿಮೆಯಾಗುತ್ತದೆ ಎಂಬ ಮಾತಿಗೆ ಉತ್ತರ ಚಿಕ್ಕದು: ಹತ್ತು ಸೆಕೆಂಡಿನ ನೂರು ಮೀಟರ್ ಓಟದಲ್ಲೂ ಮದ್ದು ಸಿಕ್ಕಿದೆ.

ನಮ್ಮ ಅಭಿಪ್ರಾಯ ಹೇಳುವುದಾದರೆ, ಚಿಕ್ಕದೋ ಉದ್ದವೋ ಎಂಬುದಕ್ಕಿಂತ ಜೋಡಿ ಮುಖ್ಯ. ಮೂರನೆಯ ವಾರದಲ್ಲಿ 190–200 ಕಿ.ಮೀ.ಯ, ಮೂರು ದೊಡ್ಡ ಘಟ್ಟಗಳ ದಿನ, ಅದರ ಮಾರನೆಯ ದಿನವೇ 100–120 ಕಿ.ಮೀ. 2011ರ ಟೂರ್ ಹಾಗಿತ್ತು. 18ನೇ ಹಂತ 200.5 ಕಿ.ಮೀ.; ಆ್ಯಂಡಿ ಶ್ಲೆಕ್ ಇಜೋರ್ ಘಟ್ಟದಲ್ಲಿ, ಗೆರೆಗೆ ಸುಮಾರು 60 ಕಿ.ಮೀ. ಇರುವಾಗ ಹೊರಟು ಗಾಲಿಬಿಯೆ ಮೇಲೆ ಗೆದ್ದರು. 19ನೆಯದು 109.5 ಕಿ.ಮೀ.; ಮೊದಲ ಘಟ್ಟದಲ್ಲೇ ಕಾಂಟಡೋರ್ ದಾಳಿ ಮಾಡಿದರು, ಆಲ್ಪ್ ಡಿ'ಯುಯೆಜ್ ತಲುಪುವಾಗ ಹಳದಿ ಜೆರ್ಸಿ ವೋಕ್ಲೇರ್‌ರಿಂದ ಶ್ಲೆಕ್‌ಗೆ ಹೋಯಿತು. 20ನೇ ದಿನ ಗ್ರೆನೋಬ್ಲ್‌ನ 42.5 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ ಕಡೆಲ್ ಎವನ್ಸ್ ಅದನ್ನು ಕಿತ್ತುಕೊಂಡರು. ಮೂರು ದಿನ, ಮೂರು ಬೇರೆ ಗುಣಗಳ ಪರೀಕ್ಷೆ, ಒಂದರ ದಣಿವು ಇನ್ನೊಂದಕ್ಕೆ ಹರಿದದ್ದರಿಂದಲೇ ಅಷ್ಟು ತೀವ್ರ.

ಹಂತವನ್ನು ನಡುವೆ ಮೊಟಕು ಮಾಡಿದರೆ

ಎತ್ತರದ ಘಟ್ಟಗಳಲ್ಲಿ ಹಿಮ, ಆಲಿಕಲ್ಲು, ಭೂಕುಸಿತ ಬಂದು ಹಂತ ಕುಗ್ಗುವುದು ಅಪರೂಪವಲ್ಲ. 2019ರ ಟೂರ್‌ನ 19ನೇ ಹಂತವನ್ನು ಇಸೆರಾನ್ ಆಚೆ ನಿಲ್ಲಿಸಿ, ಘಟ್ಟದ ತುದಿಯಲ್ಲಿ ತೆಗೆದ ಸಮಯವನ್ನೇ ಲೆಕ್ಕಕ್ಕೆ ಹಿಡಿದರು. ಮೊದಲೇ ಹೊರಟಿದ್ದ ಎಗಾನ್ ಬೆರ್ನಾಲ್ ಹಳದಿ ಜೆರ್ಸಿ ತೊಟ್ಟರು, ಮುಂದಿನ ಘಟ್ಟಕ್ಕಾಗಿ ಬಲ ಉಳಿಸಿಕೊಂಡಿದ್ದವರಿಗೆ ಆ ಘಟ್ಟವೇ ಸಿಗಲಿಲ್ಲ. 20ನೆಯದು 59 ಕಿ.ಮೀ.ಗೆ ಇಳಿಯಿತು. 2023ರ ಜಿರೊದಲ್ಲಿ ಕ್ರಾನ್ಸ್-ಮೊಂಟಾನಾಗೆ ಹೋಗುವ 13ನೇ ಹಂತ 74.6 ಕಿ.ಮೀ. ಮಾತ್ರ ಉಳಿಯಿತು.

ಅಂಥ ಸುದ್ದಿ ಬಂದ ಕೂಡಲೇ ಕೋಷ್ಟಕಕ್ಕೆ ಮರಳಿ. ಆ ಸಾಲಿನ ಕಿಲೋಜೂಲ್ ಹೊಸದಾಗಿ ಲೆಕ್ಕ ಹಾಕಿ. 3,000ಕ್ಕಿಂತ ಕೆಳಗೆ ಇಳಿದರೆ ದಣಿದ ಮೇಲೆ ಬಲ ಉಳಿಸಿಕೊಳ್ಳುವ ಸವಾರನಿಗೆ ಆ ದಿನಕ್ಕಾಗಿ ಕೊಟ್ಟಿದ್ದ ಲಾಭವನ್ನು ತೆಗೆಯಿರಿ, ಸಹಾಯಕರನ್ನು ಕಳೆದುಕೊಂಡಿರುವ ನಾಯಕನಿಗೆ ಸ್ವಲ್ಪ ಕೂಡಿಸಿ, ಏಕೆಂದರೆ ಎರಡು ಗಂಟೆಯ ರೇಸಿನಲ್ಲಿ ತಂಡದ ಬಲ ಕಡಿಮೆ ಬೇಕಾಗುತ್ತದೆ. ಹಿಂದಿರುವವನಿಗೆ ಉಳಿದಿರುವ ಬಣ್ಣದ ದಿನಗಳನ್ನು ಮತ್ತೆ ಎಣಿಸಿ. ಎರಡು ನಿಮಿಷ ಹಿಂದಿದ್ದು ಎರಡೇ ದಿನ ಉಳಿದಿದ್ದವನಿಗೆ ಒಂದು ದಿನ ಅರ್ಧಕ್ಕೆ ಕುಗ್ಗಿತೆಂದರೆ, ಗೆಲುವಿನ ಸಂಖ್ಯೆ ಅಲ್ಲೇ ಅರ್ಧಕ್ಕಿಂತ ಕೆಳಗೆ ಬರಬೇಕು.